ಸೋಸಿ ಕೇಳುವ ಕಿವಿ

ಗದ್ದಲದ ಊರಿನೊಳಗೆ ನಡೆಯುತ್ತ, ಬಸ್ಸು ಟಂಟಂಗಳ ಸದ್ದಿನ ನಡುವೆ ಹಕ್ಕಿ, ಹುಳು, ಗಾಳಿ, ಮಳೆಗಳ ದನಿಯನ್ನು ಹುಡುಕಿ ಕೇಳುವ ಅಭ್ಯಾಸಕ್ಕೆ ಅರ್ಧ ಶತಮಾನದ ಇತಿಹಾಸವಿದೆ. ‘ಸೌಂಡ್‌ವಾಕ್’ ಎಂದು ಜಗತ್ತಿನಲ್ಲೆಲ್ಲ ಹೆಸರಾದ ಇದನ್ನು ಆಲಿಕೆಯ ನಡಿಗೆ ಎನ್ನಬಹುದು. ಕೆನಡಾದ ಸೈಮನ್ ಫ್ರೇಜರ್ ವಿಶ್ವವಿದ್ಯಾಲಯದಲ್ಲಿ ಸಂಗೀತ ರಚನಕಾರ ಆರ್. ಮರ್ರಿ ಶೇಫರ್ 1960ರ ದಶಕದ ಕೊನೆಯಲ್ಲಿ ಕಟ್ಟಿದ ‘ವರ್ಲ್ಡ್ ಸೌಂಡ್‌ಸ್ಕೇಪ್ ಪ್ರಾಜೆಕ್ಟ್’ ಇದರ ತವರು. ಅದೇ ಬಳಗದ ಹಿಲ್ಡೆಗಾರ್ಡ್ ವೆಸ್ಟರ್‌ಕ್ಯಾಂಪ್ 1974ರಲ್ಲಿ ಬರೆದ ಪ್ರಬಂಧ ಇದಕ್ಕೊಂದು ಕ್ರಮವನ್ನು ಹಾಕಿಕೊಟ್ಟಿತು. 1977ರಲ್ಲಿ ಬಂದ ಶೇಫರ್ ಅವರ ‘ದಿ ಟ್ಯೂನಿಂಗ್ ಆಫ್ ದಿ ವರ್ಲ್ಡ್’ ಸಿದ್ಧಾಂತವನ್ನು ಒದಗಿಸಿತು. 2010ರಿಂದ ಶೇಫರ್ ಹುಟ್ಟಿದ ಜುಲೈ 18ನ್ನು ವಿಶ್ವ ಆಲಿಕೆ ದಿನವೆಂದು ಆಚರಿಸುತ್ತಾರೆ.

ಇಷ್ಟು ಬೆಳೆದ ಅಭ್ಯಾಸದಲ್ಲಿ ಅತಿ ಹೆಚ್ಚು ಹೆಸರು ಮಾಡಿರುವುದು ಅದರ ಅತಿ ದುರ್ಬಲವಾದ ಭಾಗ. ಮನುಷ್ಯರ ಸದ್ದನ್ನು ಸೋಸಿ ತೆಗೆದು, ಉಳಿದದ್ದನ್ನು ಪ್ರಕೃತಿ ಎಂದು ಕರೆಯುವ ಕ್ರಮವೇ ಆ ಭಾಗ. ಉದ್ಯಾನಗಳಿರುವ ಮಹಾನಗರದಲ್ಲಿ ಈ ದೋಷ ಬೇಗ ಕಾಣುವುದಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಂಥ ತಾಲೂಕು ಊರುಗಳ ಪೇಟೆಯಲ್ಲಿ ಇದೇ ಕ್ರಮವನ್ನು ಹಿಡಿದು ನಾಲ್ಕು ಹೆಜ್ಜೆ ನಡೆದರೆ ಅದು ಕೈಕೊಡುತ್ತದೆ. ಈ ಊರುಗಳಿರುವ ವಿಜಯಪುರ ಜಿಲ್ಲೆಯಲ್ಲಿ ಆಲಿಸುವುದಕ್ಕೆಂದು ಜನ ಹುಡುಕಿಕೊಂಡು ಹೋಗುವ ಜಾಗ ಗೋಲಗುಮ್ಮಟವೊಂದೇ. ಅಲ್ಲಿ ಕೇಳಲು ಸಿಗುವುದು ತಮ್ಮದೇ ದನಿಯ ಮಾರ್ದನಿ. ಈ ನಾಲ್ಕು ಊರುಗಳತ್ತ ಕಿವಿಗೊಟ್ಟವರು ಕಡಿಮೆ. ಆಲಿಕೆಯ ನಡಿಗೆಯ ಬೆಲೆ ಕಟ್ಟಲು ಮಾತ್ರ ಇವಕ್ಕಿಂತ ತಕ್ಕ ಜಾಗಗಳಿಲ್ಲ.

ಸೋಸುವ ಕ್ರಮದ ಗುಣದೋಷಗಳೆರಡೂ ಒಂದೇ ಕೃತಿಯಲ್ಲಿ ಸಿಗುತ್ತವೆ. ವೆಸ್ಟರ್‌ಕ್ಯಾಂಪ್ 1989ರಲ್ಲಿ ರಚಿಸಿದ ‘ಕಿಟ್ಸ್ ಬೀಚ್ ಸೌಂಡ್‌ವಾಕ್’ ಹತ್ತು ನಿಮಿಷಕ್ಕೂ ಕಡಿಮೆ ಅವಧಿಯ ಧ್ವನಿಕೃತಿ. ಜನವರಿಯ ಒಂದು ಬೆಳಗ್ಗೆ ವ್ಯಾಂಕೂವರಿನ ಕಡಲ ದಂಡೆಯ ಬಂಡೆಗಳ ನಡುವೆ ನಿಂತ ಕಲಾವಿದೆ ತಮ್ಮದೇ ದನಿಯಲ್ಲಿ ವಿವರಣೆ ಕೊಡುತ್ತ ಹೋಗುತ್ತಾರೆ. ಬಂಡೆಗೆ ಅಂಟಿಕೊಂಡ ಬಾರ್ನಕಲ್ ಎಂಬ ಚಿಕ್ಕ ಚಿಪ್ಪುಜೀವಿಗಳ ಮೇಲೆ ನೀರು ಆಡಿದಾಗ ಏಳುವ ಚಿಟಿಚಿಟಿ ಸದ್ದು ಒಂದು ಕಡೆ, ಕೊಲ್ಲಿಯಾಚೆಯ ನಗರದ ಮೊರೆತ ಇನ್ನೊಂದು ಕಡೆ. ಆರಂಭದಲ್ಲಿ ಅವರು ಹೇಳುವ ಮಾತು ಸ್ಪಷ್ಟವಾಗಿದೆ: ನಗರ ಮೊರೆಯುತ್ತಿದ್ದರೂ ಈ ಸಣ್ಣ ಸದ್ದುಗಳನ್ನು ಅದು ಮುಚ್ಚಿಹಾಕುತ್ತಿಲ್ಲ. ಬಳಿಕ ನಗರದ ಸದ್ದನ್ನು ಗುಂಡಿ ತಿರುಗಿಸಿ ಜೋರು ಮಾಡುತ್ತಾರೆ, ಮತ್ತೆ ತಗ್ಗಿಸುತ್ತಾರೆ. ನೋಟ ಸುಂದರವಾಗಿದ್ದರೆ ಸದ್ದು ಕಡಿಮೆ ಅನಿಸುತ್ತದೆ ಎಂದೂ ತೋರಿಸುತ್ತಾರೆ. ಎಷ್ಟು ಜೋರಾಗಿ ಕೇಳಿಸಬೇಕು ಎಂಬುದು ಯಾರೋ ಒಬ್ಬರ ತೀರ್ಮಾನ ಎಂಬ ಪಾಠ ಇದರಲ್ಲಿದೆ. ಆಲಿಕೆಯ ಬಗ್ಗೆ ಇಷ್ಟು ಕಡಿಮೆ ಹೊತ್ತಿನಲ್ಲಿ ಇಷ್ಟು ಕಲಿಸುವ ಕೃತಿ ಅಪರೂಪ.

ತಿರುವು ಬರುವುದು ಅನಂತರ. ಸಣ್ಣ ಸದ್ದುಗಳನ್ನು ಇನ್ನೂ ಸೂಕ್ಷ್ಮವಾಗಿ ಕೇಳಬೇಕೆಂದು ಹೊರಟಾಗ ನಗರದ ಸದ್ದು ಅಡ್ಡಬರುತ್ತದೆ, ಕಿವಿಯಿಂದ ಅದನ್ನು ಸೋಸುವುದು ಶ್ರಮವೆನಿಸುತ್ತದೆ. ಆಗ ಕಲಾವಿದೆ ಸ್ಟುಡಿಯೋದ ಫಿಲ್ಟರಿನ ಮೊರೆ ಹೋಗುತ್ತಾರೆ. ನಗರ ಇಲ್ಲವೇ ಇಲ್ಲ ಎಂದು ನಟಿಸೋಣ ಎಂಬ ಆಹ್ವಾನ ಕೊಡುತ್ತಾರೆ. ಕೆಳಸ್ಥಾಯಿಯ ಸದ್ದು ಹೋಗಿ ಮೇಲಿನ ಸ್ಥಾಯಿಯ ಚಿಟಿಚಿಟಿ ಮಾತ್ರ ಉಳಿಯುತ್ತದೆ. ಅಲ್ಲಿಂದ ಕೃತಿ ಕನಸುಗಳಿಗೆ ಜಿಗಿಯುತ್ತದೆ. ಕೊನೆಯಲ್ಲಿ ನಗರ ಮರಳಿ ಬರುವಾಗ ಅದಕ್ಕೆ ರಾಕ್ಷಸನ ಹೆಸರು ಬಂದಿರುತ್ತದೆ. ಸಣ್ಣ ದನಿಗಳಿಂದ ಬಲ ಪಡೆದ ಕೇಳುಗ ಈಗ ಆ ರಾಕ್ಷಸನ ಜೊತೆ ಆಟವಾಡಬಲ್ಲ.

ಈ ಭಾಗವನ್ನು ಮೆಚ್ಚಿಕೊಳ್ಳುವವರು ಅದರ ಪ್ರಾಮಾಣಿಕತೆಯನ್ನು ಎತ್ತಿ ಹೇಳುತ್ತಾರೆ. ಕಲಾವಿದೆ ಕೈಚಳಕವನ್ನು ಬಚ್ಚಿಟ್ಟಿಲ್ಲ, ನಟಿಸೋಣ ಎಂದು ಬಾಯಿಬಿಟ್ಟು ಹೇಳಿದ್ದಾರೆ ಎಂಬುದು ಅವರ ವಾದ. ಮಾತು ನಿಜ. ಆದರೆ ಎರಡು ಪ್ರಶ್ನೆಗಳು ಉಳಿಯುತ್ತವೆ. ಮೊದಲನೆಯದು, ಆರಂಭದಲ್ಲಿ ಮುಚ್ಚಿಹಾಕದಿದ್ದ ನಗರ ಕೆಲವೇ ನಿಮಿಷಗಳಲ್ಲಿ ಅಡ್ಡಿಯಾದದ್ದು ಹೇಗೆ? ಆ ನಡುವೆ ದಂಡೆಯ ಮೇಲೆ ಏನೂ ಬದಲಾಗಿಲ್ಲ. ಬದಲಾದದ್ದು ಕೇಳುಗನ ಬಯಕೆ. ಒಂದು ಸದ್ದನ್ನು ಒಂಟಿಯಾಗಿ ಪಡೆಯಬೇಕೆಂಬ ಹಂಬಲ ಹುಟ್ಟಿದ ಗಳಿಗೆಯಲ್ಲಿ ಉಳಿದ ಸದ್ದೆಲ್ಲ ಗದ್ದಲವಾಗುತ್ತದೆ. ಕೃತಿ ತನಗೆ ತಿಳಿಯದೆಯೇ ಈ ಸತ್ಯವನ್ನು ತೋರಿಸಿ, ತಕ್ಷಣ ಅದರಿಂದ ಮುಖ ತಿರುಗಿಸುತ್ತದೆ. ಎರಡನೆಯದು ಇನ್ನೂ ಮುಖ್ಯ. ಫಿಲ್ಟರು ಸೋಸುವುದು ಕಂಪನಾಂಕಗಳನ್ನು. ಯಾವ ಸದ್ದು ಪ್ರಕೃತಿಯದು, ಯಾವುದು ಮನುಷ್ಯನದು ಎಂಬುದು ಅದಕ್ಕೆ ಗೊತ್ತಿಲ್ಲ. ಕಿಟ್ಸ್ ಬೀಚಿನಲ್ಲಿ ಬಾರ್ನಕಲ್ ಮೇಲಿನ ಸ್ಥಾಯಿಯಲ್ಲಿ, ನಗರ ಕೆಳಗಿನ ಸ್ಥಾಯಿಯಲ್ಲಿ ಇದ್ದದ್ದು ಆ ಜಾಗದ ಆಕಸ್ಮಿಕ. ಆ ಆಕಸ್ಮಿಕವನ್ನು ಜಗತ್ತಿನ ನಿಯಮವೆಂದು ತಿಳಿದದ್ದೇ ಮುಂದಿನ ತಪ್ಪುಗಳಿಗೆಲ್ಲ ಬೇರು.

ಅದೇ ಫಿಲ್ಟರನ್ನು ಸಿಂದಗಿಯ ಪೇಟೆಗೆ ಹಚ್ಚಿದರೆ ಸಂಗತಿ ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ವಾಹನಗಳ ಸದ್ದಿನ ಬಹುಪಾಲು ಶಕ್ತಿ 2000 ಹರ್ಟ್ಸ್‌ಗಿಂತ ಕೆಳಗಿರುತ್ತದೆ. ವಿಜಯಪುರ–ಕಲಬುರಗಿ ಹೆದ್ದಾರಿಯ ಲಾರಿಗಳ ಸದ್ದನ್ನು ತೆಗೆಯಲು ಅಷ್ಟನ್ನೂ ಕತ್ತರಿಸಬೇಕು. ಕತ್ತರಿಸಿದ ಕೂಡಲೇ ಲಾರಿಯ ಜೊತೆ ಬೆಳವನ ಗುಟುರು ಹೋಗುತ್ತದೆ, ಏಕೆಂದರೆ ಅದು 1000 ಹರ್ಟ್ಸ್‌ಗಿಂತ ಕೆಳಗಿನ ದನಿ. ಬೇಲಿಯೊಳಗಿನ ಕೆಂಬೂತದ ಆಳವಾದ ಕೂಗು, ಗುಡಿಯ ಗೋಪುರದ ಪಾರಿವಾಳ, ರಾತ್ರಿಯ ಗೂಗೆ, ಮಳೆಗಾಲದ ದೊಡ್ಡ ಕಪ್ಪೆ, ಸಂತೆಗೆ ಬಂದ ಎಮ್ಮೆಯ ಕೂಗಿನ ತಿರುಳು, ದೂರದ ಗುಡುಗು ಎಲ್ಲವೂ ಹೋಗುತ್ತವೆ. ಉಳಿಯುವುದು ಏನೇನು? ಗುಬ್ಬಿಯ ಚಿಲಿಪಿಲಿ ಉಳಿಯುತ್ತದೆ, ಅಳಿಲಿನ ಚಿಕ್‌ಚಿಕ್ ಉಳಿಯುತ್ತದೆ. ಅವುಗಳ ಜೊತೆಗೆ ಕುಕ್ಕರಿನ ಸೀಟಿ, ಸೈಕಲ್ಲಿನ ಗಂಟೆ, ಬಳೆಗಾರನ ಅಂಗಡಿಯ ಬಳೆಗಳ ಕಿಣಿಕಿಣಿ, ಬ್ರೇಕು ಹಿಡಿದಾಗಿನ ಕೀರಲು, ಚಾದಂಗಡಿಯ ಗ್ಲಾಸುಗಳ ಸದ್ದು ಕೂಡ ಉಳಿಯುತ್ತವೆ. ಪ್ರಕೃತಿಯನ್ನು ಉಳಿಸಲು ಹಿಡಿದ ಜರಡಿಯಲ್ಲಿ ಅರ್ಧ ಪ್ರಕೃತಿ ಸೋರಿಹೋಗಿ ಅರ್ಧ ಪೇಟೆ ಉಳಿದುಕೊಳ್ಳುತ್ತದೆ.

ಈಗಿನ ನಡಿಗೆಗಳಲ್ಲಿ ಸ್ಟುಡಿಯೋದ ಫಿಲ್ಟರು ಇರುವುದಿಲ್ಲ, ಅದರ ಕೆಲಸವನ್ನು ಮನಸ್ಸಿಗೆ ಒಪ್ಪಿಸಲಾಗಿರುತ್ತದೆ. ಕಣ್ಣು ಮುಚ್ಚಿ, ವಾಹನಗಳನ್ನು ಬದಿಗಿಡಿ, ಈಗ ಎಷ್ಟು ಹಕ್ಕಿಗಳ ದನಿ ಕೇಳಿತು ಹೇಳಿ ಎಂಬುದು ಇಂಥ ನಡಿಗೆಗಳ ಸಾಮಾನ್ಯ ಅಭ್ಯಾಸ. ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯ 2021ರಲ್ಲಿ ತನ್ನ ‘ಮರ್ಲಿನ್’ ಆ್ಯಪಿಗೆ ದನಿ ಗುರುತಿಸುವ ಸೌಲಭ್ಯ ಸೇರಿಸಿತು. ಭಾರತದ ಹಕ್ಕಿಗಳಿಗೂ ಅದು ಈಗ ಸಿಗುತ್ತದೆ. ಹೆಸರು ಕಲಿಯಲು ಅದು ಒಳ್ಳೆಯ ಸಾಧನ. ಆದರೆ ಆ್ಯಪಿನ ಪಟ್ಟಿಯಲ್ಲಿ ಹಕ್ಕಿ ಬರುತ್ತದೆ, ಹಕ್ಕಿ ಯಾವ ಸದ್ದಿನ ಬೆನ್ನಿಗೆ ಕೂಗಿತು ಎಂಬುದು ಬರುವುದಿಲ್ಲ. ವೆಸ್ಟರ್‌ಕ್ಯಾಂಪ್ ನಟನೆಯನ್ನು ನಟನೆ ಎಂದಿದ್ದರು. ಅವರ ಹಿಂದೆ ಬಂದ ಅಭ್ಯಾಸ ಆ ಒಪ್ಪಿಗೆಯನ್ನು ಬಿಟ್ಟು ನಟನೆಯನ್ನಷ್ಟೇ ಉಳಿಸಿಕೊಂಡಿತು.

ಈ ನಾಲ್ಕು ಊರುಗಳ ನೆಲವನ್ನು ತಿಳಿದವರಿಗೆ ಸೋಸುವ ಕ್ರಮ ಏಕೆ ಸಲ್ಲದು ಎಂಬುದು ಬೇಗ ಅರ್ಥವಾಗುತ್ತದೆ. ಬಡಗಣದ ಭೀಮೆಯಿಂದ ತೆಂಕಣದ ಕೃಷ್ಣೆಯವರೆಗೆ ಹಬ್ಬಿದ ಎರೆ ಬಯಲಿದು. ಮಳೆ ಕಡಿಮೆ, ಕಾಡು ಇಲ್ಲವೆನ್ನುವಷ್ಟು ವಿರಳ. ಹೊಲದ ಬದುವಿನ ಬೇವು ಜಾಲಿಗಳನ್ನು ಬಿಟ್ಟರೆ, ದೊಡ್ಡ ಮರಗಳು ಒಟ್ಟಾಗಿ ಇರುವುದು ಬಹುತೇಕ ಊರೊಳಗೆ: ಕಚೇರಿಯ ಆವರಣದಲ್ಲಿ, ಶಾಲೆಯ ಬಯಲಲ್ಲಿ, ಗುಡಿಯ ಮುಂದೆ, ಬಸ್‌ನಿಲ್ದಾಣದ ಅಂಚಿನಲ್ಲಿ. ಹಾಗಾಗಿ ಇಲ್ಲಿ ಹಕ್ಕಿಗಳು ಗದ್ದಲದಿಂದ ದೂರ ಸರಿದು ಕೂಡುವುದಿಲ್ಲ. ಗದ್ದಲ ಎಲ್ಲಿದೆಯೋ ಅಲ್ಲಿಯೇ ಅವುಗಳ ವಸತಿಯೂ ಇದೆ. ಒಂದು ದಿನದ ಸದ್ದನ್ನು ಹೊತ್ತಿನ ಕ್ರಮದಲ್ಲಿ ನೋಡಿದರೆ ಈ ಸಂಬಂಧ ಬಿಡಿಬಿಡಿಯಾಗಿ ಸಿಗುತ್ತದೆ.

ನಸುಕಿನಲ್ಲಿ ಕೋಳಿ, ಕಾಗೆ, ಕಾಜಾಣಗಳು ಮೊದಲಾಗುತ್ತವೆ. ಅದೇ ಹೊತ್ತಿಗೆ ಓಣಿಗಳಲ್ಲಿ ಜೋಳದ ರೊಟ್ಟಿ ಬಡಿಯುವ ಸದ್ದು ಏಳುತ್ತದೆ, ಮಸೀದಿಯ ಬಾಂಗು, ಗುಡಿಯ ಗಂಟೆ ಕೂಡಿಕೊಳ್ಳುತ್ತವೆ. ಹೊತ್ತೇರಿದ ಮೇಲೆ ಗುಬ್ಬಿಯ ಸದ್ದು ಕೇಳಬೇಕೆಂದರೆ ಎಪಿಎಂಸಿಯ ಕಡೆ, ಕಿರಾಣಿ ಅಂಗಡಿಗಳ ಸಾಲಿನ ಕಡೆ ಹೋಗಬೇಕು. ಹಮಾಲರು ಚೀಲ ಇಳಿಸುವಲ್ಲಿ, ಹೆಂಗಸರು ಕಾಳು ಹಸನು ಮಾಡುವಲ್ಲಿ ಗುಬ್ಬಿಗೆ ಕೂಳಿದೆ. ಹಳೆಯ ಮಾಡಿನ ಸಂದು, ತಗಡಿನ ಅಡಿಯ ತೊಲೆ, ಅಂಗಡಿಯ ಬೋರ್ಡಿನ ಹಿಂಬದಿ ಅದರ ಗೂಡು. ಚೀಲದ ಧಪ್ಪೆನ್ನುವ ಸದ್ದಿಗೆ ಗುಂಪು ಒಮ್ಮೆಲೇ ಏಳುತ್ತದೆ, ಕ್ಷಣದಲ್ಲಿ ಮತ್ತೆ ಇಳಿಯುತ್ತದೆ. ಹಮಾಲಿಯನ್ನು ಬದಿಗಿಟ್ಟು ಗುಬ್ಬಿಯನ್ನು ಕೇಳಿದವರು ಆ ಏರಿಳಿತದ ಕಾರಣವನ್ನೇ ಕಳೆದುಕೊಂಡರು.

ಬೇಸಿಗೆಯ ಮಧ್ಯಾಹ್ನ ಕೋಗಿಲೆಯ ಹೊತ್ತು. ಕೋಗಿಲೆ ಊರೊಳಗೆ ಇರುವುದಕ್ಕೆ ಕಾರಣ ಕಾಗೆ, ಏಕೆಂದರೆ ಅದು ಮೊಟ್ಟೆಯಿಡುವುದು ಕಾಗೆಯ ಗೂಡಿನಲ್ಲಿ. ಕಾಗೆ ಇರುವುದಕ್ಕೆ ಕಾರಣ ಖಾನಾವಳಿಯ ಹಿತ್ತಿಲು, ಮಾಂಸದಂಗಡಿಯ ಓಣಿ. ಕವಿಗಳು ವಸಂತದ ದೂತನೆಂದು ಕರೆದ ಹಕ್ಕಿಯ ದನಿ ಖಾನಾವಳಿಯ ಅನ್ನಕ್ಕೆ ಕಟ್ಟಿಕೊಂಡಿದೆ. ರಾತ್ರಿ ಟ್ಯೂಬ್‌ಲೈಟಿನ ಬುಡದಲ್ಲಿ ಹಲ್ಲಿ ಲೊಚಗುಟ್ಟುತ್ತದೆ, ಬೆಳಕಿಗೆ ಬರುವ ಹುಳುಗಳೇ ಅದರ ಊಟ. ಗಟಾರದ ತೇವದಲ್ಲಿ ಜೀರುಂಡೆ, ಮಿರಗದ ಮೊದಲ ಮಳೆ ಬಿದ್ದರೆ ಬೋರ್‌ವೆಲ್ಲಿನ ಹತ್ತಿರದ ಹೊಂಡದಲ್ಲಿ ಕಪ್ಪೆಗಳ ಮೇಳ. ಈ ದನಿಗಳಲ್ಲಿ ಒಂದೂ ಮನುಷ್ಯರ ಬದುಕಿನಿಂದ ಹೊರಗಿಲ್ಲ.

ಸಂಜೆಯ ಬಸ್‌ನಿಲ್ದಾಣವನ್ನು ತುಸು ಹತ್ತಿರದಿಂದ ನೋಡುವುದು ಅಗತ್ಯ. ದೀಪ ಹತ್ತುವ ಹೊತ್ತಿಗೆ ಸುತ್ತಲಿನ ಹೊಲಗಳಿಂದ ಗೊರವಂಕಗಳು ನಿಲ್ದಾಣದ ಮರಕ್ಕೆ ಬಂದು ಕೂಡುತ್ತವೆ. ಮೊದಲು ಬಿಡಿ ಬಿಡಿ ದನಿಗಳು, ಬರಬರುತ್ತ ಅವು ಒಂದರೊಳಗೊಂದು ಹೆಣೆದು, ಇಡೀ ಮರವೇ ಕೂಗುವಂತಾಗುತ್ತದೆ. ಇದೇ ಹೊತ್ತಿಗೆ ಹಳ್ಳಿಗಳಿಗೆ ಹೋಗುವ ಕೊನೆಯ ಬಸ್ಸುಗಳಿಗೆ ಜನ ಸೇರಿರುತ್ತಾರೆ. ಟಂಟಂ ಚಾಲಕರು ಊರ ಹೆಸರು ಹಿಡಿದು ಕೂಗುತ್ತಾರೆ. ಬಸ್ಸು ಹಿಂದಕ್ಕೆ ಸರಿಯುವಾಗ ಕಂಡಕ್ಟರನ ಸೀಟಿ ಕೇಳುತ್ತದೆ. ಎಂಜಿನ್ ಜೋರಾದಾಗ ಮರದ ಗಲಾಟೆ ಕಿವಿಗೆ ತಗ್ಗಿದಂತೆ ಅನಿಸುತ್ತದೆ. ಬಸ್ಸು ಗೇಟು ದಾಟಿದ ಕೂಡಲೇ ಅದು ಮೊದಲಿಗಿಂತ ದೊಡ್ಡದಾಗಿ ಮರಳುತ್ತದೆ. ಮರದ ಮೇಲೆ ಜಾಗಕ್ಕೆ ಜಗಳ, ಕೆಳಗೆ ಸೀಟಿಗೆ ಜಗಳ. ಎರಡೂ ಕತ್ತಲಾಗುವುದರೊಳಗೆ ಮುಗಿಯಬೇಕು. ಕತ್ತಲಾದ ಮೇಲೆ ಎರಡೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಅಡಗುತ್ತವೆ. ಈ ಗಳಿಗೆಯನ್ನು ಜೀವಧ್ವನಿ ಮತ್ತು ಗದ್ದಲ ಎಂದು ಎರಡು ಖಾನೆಗೆ ಹಾಕಿದವರಿಗೆ ಅದರ ಆಕಾರ ಸಿಗುವುದಿಲ್ಲ.

ಖಾನೆಗಳ ಮಾತು ಬಂದಾಗ ಬರ್ನೀ ಕ್ರೌಸ್ ಅವರನ್ನು ಬಿಟ್ಟು ಮುಂದೆ ಹೋಗಲಾಗದು. ಗಾಳಿ, ನೀರು, ಗುಡುಗುಗಳ ನೆಲಧ್ವನಿ, ಪ್ರಾಣಿಪಕ್ಷಿಗಳ ಜೀವಧ್ವನಿ, ಮನುಷ್ಯರ ಧ್ವನಿ ಎಂದು ಸದ್ದನ್ನು ಮೂರಾಗಿಸುವ ವರ್ಗೀಕರಣ ಅವರಿಂದ ಪ್ರಸಿದ್ಧವಾಯಿತು. 2012ರ ‘ದಿ ಗ್ರೇಟ್ ಅನಿಮಲ್ ಆರ್ಕೆಸ್ಟ್ರಾ’ ಅದನ್ನು ಮನೆಮಾತಾಗಿಸಿತು. ದಟ್ಟ ಕಾಡಿನ ಅಧ್ಯಯನಕ್ಕೆ ಈ ವರ್ಗಗಳು ಉಪಯುಕ್ತ. ಈ ಜಿಲ್ಲೆಯಲ್ಲಿ ಅವನ್ನು ಪರೀಕ್ಷಿಸಲು ಆಲಮಟ್ಟಿಯೊಂದು ಸಾಕು. ಹಿಂದೆ ಬಾಗೇವಾಡಿ ತಾಲೂಕಿನಲ್ಲಿದ್ದು ಈಗ ನಿಡಗುಂದಿ ತಾಲೂಕಿಗೆ ಸೇರಿದ ಆ ಅಣೆಕಟ್ಟೆಗೆ 26 ಗೇಟುಗಳಿವೆ. ಮುಂಗಾರಿನಲ್ಲಿ ಅವನ್ನು ತೆರೆದಾಗ ಏಳುವ ಭೋರ್ಗರೆತ ಕೃಷ್ಣೆಯದು ನಿಜ, ಆದರೆ ಅದು ಯಾವ ದಿನ, ಎಷ್ಟು ಜೋರಾಗಿ ಕೇಳಬೇಕೆಂದು ನಿರ್ಧರಿಸುವವರು ಎಂಜಿನಿಯರರು. ಇಂಡಿಯ ಸಂತೆಯಲ್ಲಿ ತಗಡಿನ ಚಪ್ಪರದ ಮೇಲೆ ಬೀಳುವ ಮಳೆಯ ಸದ್ದು ಮೋಡದ್ದೋ ತಗಡಿನದೋ? ಮಳೆಗೂ ಗಾಳಿಗೂ ತಮ್ಮದೆಂಬ ಸದ್ದು ಬಹಳ ಕಡಿಮೆ, ತಾಕಿದ ವಸ್ತುವಿನ ಮೂಲಕ ಅವು ನುಡಿಯುತ್ತವೆ. ರೈಲಿನ ಸೀಟಿಯದು ತಿರುಗುಮುರುಗಾದ ಉದಾಹರಣೆ. ಸಿಂದಗಿ, ಮುದ್ದೇಬಿಹಾಳ ಪಟ್ಟಣಗಳಿಗೆ ರೈಲಿಲ್ಲ. ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ನಿಲ್ದಾಣಗಳು ಊರಿನಿಂದ ದೂರ. ಚಳಿಗಾಲದ ರಾತ್ರಿ ನೆಲದ ಹತ್ತಿರದ ಗಾಳಿ ತಣ್ಣಗಾಗಿ, ಮೇಲಿನದು ಬೆಚ್ಚಗಿದ್ದಾಗ ಸದ್ದು ಮೇಲೆ ಹೋಗದೆ ಕೆಳಕ್ಕೆ ಬಾಗುತ್ತದೆ, ಹಗಲು ಕೇಳಿಸದ ದೂರಕ್ಕೂ ತಲಪುತ್ತದೆ. ಆ ಸೀಟಿ ಎಂಜಿನ್ನಿನದೇ, ಊರಿಗೆ ತಂದುಕೊಟ್ಟದ್ದು ಮಾತ್ರ ಗಾಳಿ.

ಹಕ್ಕಿಗಳೂ ತಮ್ಮ ದನಿಯನ್ನು ನಗರದಿಂದ ಬೇರೆಯಾಗಿ ಇಟ್ಟುಕೊಂಡಿಲ್ಲ ಎಂಬುದನ್ನು ವಿಜ್ಞಾನವೂ ತೋರಿಸಿದೆ. ನೆದರ್ಲೆಂಡ್ಸ್‌ನ ಲೈಡನ್ ನಗರದ ಗದ್ದಲದ ಭಾಗಗಳಲ್ಲಿ ಗ್ರೇಟ್ ಟಿಟ್ ಹಕ್ಕಿಗಳು ಮೇಲಿನ ಸ್ಥಾಯಿಯಲ್ಲಿ ಹಾಡುವುದನ್ನು ಹಾನ್ಸ್ ಸ್ಲಾಬೆಕೂರ್ನ್ ಮತ್ತು ಮಾರ್ಗ್ರಿಟ್ ಪೀಟ್ 2003ರಲ್ಲಿ ವರದಿ ಮಾಡಿದರು. ಬರ್ಲಿನ್ನಿನ ನೈಟಿಂಗೇಲ್‌ಗಳು ಗದ್ದಲ ಹೆಚ್ಚಿದಲ್ಲಿ ದನಿಯೇರಿಸಿ ಹಾಡುತ್ತವೆ ಎಂದು ಹೆನ್ರಿಕ್ ಬ್ರುಮ್ 2004ರಲ್ಲಿ ತೋರಿಸಿದರು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹಗಲಿನ ಗದ್ದಲ ಹೆಚ್ಚಿರುವ ಕಡೆ ರಾಬಿನ್‌ಗಳು ರಾತ್ರಿ ಹಾಡುತ್ತವೆ ಎಂಬುದು 2007ರ ಅಧ್ಯಯನ. 2020ರ ಲಾಕ್‌ಡೌನ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವಾಹನಗಳು ನಿಂತಾಗ ಅಲ್ಲಿನ ಬಿಳಿ ಕಿರೀಟದ ಗುಬ್ಬಿಗಳು ದನಿ ತಗ್ಗಿಸಿ ಹಾಡಿದವು, ಆದರೂ ಅವುಗಳ ಹಾಡು ಹೆಚ್ಚು ದೂರ ಮುಟ್ಟಿತು. ಇವೆಲ್ಲದರಿಂದ ತಿಳಿಯುವುದು ಒಂದೇ: ನಗರದ ಹಕ್ಕಿಯ ಹಾಡಿನೊಳಗೆ ನಗರ ಸೇರಿಕೊಂಡಿದೆ. ವಾಹನದ ಸದ್ದನ್ನು ಅಳಿಸಿ ಅದನ್ನು ಕೇಳಿದರೆ, ಪ್ರಶ್ನೆಯನ್ನು ಅಳಿಸಿ ಉತ್ತರವನ್ನಷ್ಟೇ ಉಳಿಸಿಕೊಂಡಂತೆ.

ಈ ಅಭ್ಯಾಸವನ್ನು ಟೀಕಿಸಿದವರು ಇಲ್ಲವೆಂದಲ್ಲ. ಮಾನವಶಾಸ್ತ್ರಜ್ಞ ಟಿಮ್ ಇಂಗೋಲ್ಡ್ 2007ರಲ್ಲಿ ‘ಸೌಂಡ್‌ಸ್ಕೇಪ್’ ಪರಿಕಲ್ಪನೆಯನ್ನೇ ಕೈಬಿಡಬೇಕೆಂದು ಬರೆದರು. ಸದ್ದು ನಾವು ಕೇಳುವ ವಸ್ತುವಲ್ಲ, ನಾವು ಅದರೊಳಗಿದ್ದು ಕೇಳುತ್ತೇವೆ ಎಂಬುದು ಅವರ ವಾದ. ಮೂರು ವರ್ಷಗಳ ಬಳಿಕ ಆರಿ ಕೆಲ್ಮನ್, ಶೇಫರ್ ಅವರ ಪರಿಭಾಷೆಯಲ್ಲಿ ವಿವರಣೆಗಿಂತ ಉಪದೇಶವೇ ಹೆಚ್ಚು ಎಂದು ತೋರಿಸಿದರು. ಹಳ್ಳಿಯ ಸದ್ದು ತಿಳಿ, ನಗರದ ಸದ್ದು ಕಲಸುಮೇಲೋಗರ ಎಂಬ ಶೇಫರ್ ಅವರ ಭೇದವೇ ಆ ಉಪದೇಶದ ಬೀಜ. ಕೆಲ್ಮನ್ ಅವರ ಮಾತು ಒಪ್ಪತಕ್ಕದ್ದು. ಇಂಗೋಲ್ಡ್ ಅವರ ಮಾತು ಆಳವಾದದ್ದು. ಆದರೂ ಇಬ್ಬರ ಹೋರಾಟವೂ ನಡೆದದ್ದು ಪರಿಭಾಷೆಯ ಅಂಗಳದಲ್ಲಿ. ಅವರ ಬೆನ್ನಿಗೆ ಬಂದ ಚರ್ಚೆ ವರ್ಷಗಟ್ಟಲೆ ಆ ಒಂದು ಪದ ಇರಬೇಕೋ ಬೇಡವೋ ಎಂಬುದರ ಸುತ್ತ ಸುತ್ತಿತು. ಬೀದಿಯಲ್ಲಿ ನಡೆಯುವವರು ನಿಜಕ್ಕೂ ಏನು ಮಾಡುತ್ತಾರೆ, ಯಾವ ಸದ್ದನ್ನು ಬಿಡಲು ಅವರಿಗೆ ಹೇಳಲಾಗುತ್ತಿದೆ, ಬಿಟ್ಟ ಸದ್ದು ಯಾರ ದುಡಿಮೆಯದು ಎಂಬ ಪ್ರಶ್ನೆಗಳು ಹಾಗೆಯೇ ಉಳಿದವು. ಹಮಾಲಿಯ ಚೀಲ, ಟಂಟಂ ಚಾಲಕನ ಕೂಗು, ಕಾಳು ಹಸನು ಮಾಡುವ ಮೊರದ ಸದ್ದು ಯಾರದೋ ಹೊಟ್ಟೆಪಾಡಿನ ಸದ್ದುಗಳು. ಅವನ್ನು ಕಸವೆಂದು ಎಣಿಸುವ ಕಿವಿ ಸೂಕ್ಷ್ಮವಾದದ್ದೆಂದು ಹೆಸರು ಪಡೆಯಬಾರದು. ಈ ಮಾತನ್ನು ಆ ಚರ್ಚೆ ಹೇಳಬೇಕಿತ್ತು.

ಶೇಫರ್ ಬಳಗದ ಪರವಾಗಿ ಹೇಳಬೇಕಾದ ಒಂದು ಸಂಗತಿಯನ್ನೂ ಟೀಕಾಕಾರರು ಬಿಟ್ಟಿದ್ದಾರೆ. ಆ ಬಳಗ 1975ರಲ್ಲಿ ಯುರೋಪಿನ ಐದು ಹಳ್ಳಿಗಳನ್ನು ಸುತ್ತಿ 1977ರಲ್ಲಿ ‘ಫೈವ್ ವಿಲೇಜ್ ಸೌಂಡ್‌ಸ್ಕೇಪ್ಸ್’ ಎಂಬ ಅಧ್ಯಯನವನ್ನು ಪ್ರಕಟಿಸಿತು. ಅದರಲ್ಲಿ ಫ್ರಾನ್ಸಿನ ಲೆಸ್ಕೊನಿಲ್ ಎಂಬ ಮೀನುಗಾರರ ಊರಿದೆ. ಗಾಳಿಯ ದಿಕ್ಕು ಬದಲಾದಂತೆ ದೂರದ ಯಾವ ಸದ್ದು ಊರಿಗೆ ಕೇಳುತ್ತದೆ ಎಂಬುದೂ ಬದಲಾಗುತ್ತದೆ, ಅದರಿಂದ ಅಲ್ಲಿನವರು ಹವೆಯನ್ನು ಓದುತ್ತಾರೆ. ಇಲ್ಲಿ ದೂರದ ಸದ್ದೂ ಗಾಳಿಯೂ ಒಂದೇ ವಾಕ್ಯದೊಳಗೆ ಬರುತ್ತವೆ. ವೆಸ್ಟರ್‌ಕ್ಯಾಂಪ್ ಅವರ 1974ರ ಪ್ರಬಂಧವೂ ಕೇಳುಗನ ಸ್ವಂತ ಹೆಜ್ಜೆಯ ಸದ್ದಿನಿಂದ ಮೊದಲಾಗುತ್ತದೆ, ಅಲ್ಲಿಂದ ಹತ್ತಿರದ, ದೂರದ ಎಲ್ಲ ಸದ್ದಿಗೂ ಹಬ್ಬುತ್ತದೆ. ಕಡೆಗಣನೆಗೆ ಒಳಗಾದದ್ದು ಈ ಮೂಲ ಕ್ರಮ. ಕೀರ್ತಿ ಬಂದದ್ದು ಕಿಟ್ಸ್ ಬೀಚಿನ ಫಿಲ್ಟರಿಗೆ.

ಇನ್ನೂ ಹೆಚ್ಚು ಕಡೆಗಣನೆಗೆ ಒಳಗಾದದ್ದು ಈ ನೆಲದ ಆಲಿಕೆ. ಬಿಳಿಜೋಳ ಹಾಲುಗಾಳಾಗುವ ಹೊತ್ತಿಗೆ ಹೊಲದಲ್ಲಿ ಅಟ್ಟ ಹಾಕಿ, ಕವಣೆ ಹಿಡಿದು ಹಕ್ಕಿ ಕಾಯುವುದು ಇಲ್ಲಿನ ಹಳೆಯ ಕೆಲಸ. ಗುಬ್ಬಿ, ಗಿಳಿ, ಚಳಿಗಾಲಕ್ಕೆ ದೂರದ ನಾಡಿನಿಂದ ಬರುವ ಗುಲಾಬಿ ಕಬ್ಬಕ್ಕಿಗಳ ಹಿಂಡು ಯಾವ ಮಗ್ಗುಲಿಗೆ ಇಳಿಯಿತು ಎಂಬುದು ಕಾಯುವವರಿಗೆ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗಬೇಕು, ಏಕೆಂದರೆ ಆಳೆತ್ತರದ ಬೆಳೆಯಲ್ಲಿ ಹಕ್ಕಿ ಕಾಣುವುದಿಲ್ಲ. ಕಾಯುವವರ ಕೂಗು, ಕವಣೆಯ ಬೀಸು, ಹಿಂಡಿನ ಏಳುವಿಕೆ ಮೂರೂ ಕೂಡಿ ಒಂದು ಸಂಭಾಷಣೆ. ನಸುಕಿನಲ್ಲಿ ಓಣಿಗೆ ಬರುವ ಬುಡಬುಡಿಕೆಯವರ ಸಂಪ್ರದಾಯದಲ್ಲಿ ರಾತ್ರಿಯ ಹಾಲಕ್ಕಿಯ ನುಡಿಯನ್ನು ಕೇಳಿ ಬಂದು ಮನೆಮಂದಿಗೆ ಭವಿಷ್ಯ ಹೇಳುವುದಿದೆ. ಭವಿಷ್ಯವನ್ನು ನಂಬುವುದು ಬಿಡುವುದು ಬೇರೆ ಮಾತು. ಹಕ್ಕಿಯ ದನಿಯನ್ನು ಕೇಳಿ, ನೆನಪಿಟ್ಟು, ಊರಿಗೆ ತಂದು ಒಪ್ಪಿಸುವ ಕಸುಬೊಂದು ಇತ್ತು ಎಂಬುದು ಆಲಿಕೆಯ ಇತಿಹಾಸದಲ್ಲಿ ದಾಖಲಾಗಬೇಕಾದ ಸಂಗತಿ.

ಬೀಸುವ ಕಲ್ಲಿನ ಹಾಡಿನ ಉದಾಹರಣೆ ಇನ್ನೂ ಬೆಲೆಯುಳ್ಳದ್ದು. ಹಿಂದೆ ಇಂಡಿ ತಾಲೂಕಿನಲ್ಲಿದ್ದು ಈಗ ಚಡಚಣ ತಾಲೂಕಿಗೆ ಸೇರಿದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಹೆಂಗಸರ ಹಾಡುಗಳನ್ನು ಕೇಳಿ ಬರೆದುಕೊಂಡರು. 1931ರಲ್ಲಿ ಬಂದ ‘ಗರತಿಯ ಹಾಡು’ ಆ ಶ್ರಮದ ಫಲ. ಸಾಹಿತ್ಯಚರಿತ್ರೆಯಲ್ಲಿ ಅದಕ್ಕೆ ಸಲ್ಲಬೇಕಾದ ಗೌರವ ಸಂದಿದೆ, ಆದರೆ ಅದನ್ನು ಕಿವಿಯ ಸಾಧನೆಯೆಂದು ಓದಿದವರು ಕಡಿಮೆ. ಕಾಗದವೂ ಒಂದು ಫಿಲ್ಟರು: ಕಲ್ಲಿನ ಗರಗರ, ಕೊಟ್ಟಿಗೆಯ ಗೆಜ್ಜೆ, ಕೋಳಿಯ ಕೂಗು ಬರಹಕ್ಕೆ ಬರಲಿಲ್ಲ. ಆದರೂ ತ್ರಿಪದಿಯ ನಡೆಯಲ್ಲಿ ಕಲ್ಲಿನ ಸುತ್ತು ಉಳಿದುಕೊಂಡಿದೆ. ಕೈ ತಿರುಗಿಸುವ ವೇಗ, ಉಸಿರು ನಿಲ್ಲುವ ಜಾಗ, ಕಾಳು ಹಾಕುವ ಬಿಡುವು ಛಂದಸ್ಸಿನೊಳಗೆ ಸೇರಿವೆ. ಕೆಲಸದ ಸದ್ದನ್ನು ಹಾಡಿನಿಂದ ಪೂರ್ತಿ ಕಳೆಯಲಾಗಲಿಲ್ಲ. ಆ ಕಾರಣಕ್ಕೇ ಆ ಹಾಡುಗಳು ಓದಿನಲ್ಲೂ ಜೀವಂತವಾಗಿವೆ.

ಆಲಿಕೆಯ ನಡಿಗೆಯ ಒಳಿತನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮೊಬೈಲಿಗೆ ಕಿವಿ ಒಪ್ಪಿಸಿದವರನ್ನು ಅದು ಬೀದಿಗೆ ಮರಳಿಸುತ್ತದೆ, ಹಕ್ಕಿಯ ಹೆಸರು ಕಲಿಸುತ್ತದೆ. ಗದ್ದಲ ಕೇಡಲ್ಲ ಎಂಬುದೂ ಈ ವಿಮರ್ಶೆಯ ವಾದವಲ್ಲ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳ ಧ್ವನಿವರ್ಧಕ, ಮೆರವಣಿಗೆಯ ಡಿಜೆ, ಕರ್ಕಶ ಹಾರ್ನುಗಳು ಕೂಸು, ಮುದುಕರು, ರೋಗಿಗಳಿಗೆ ನಿಜವಾದ ಹಿಂಸೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್, ವ್ಯಾಪಾರ ಪ್ರದೇಶಕ್ಕೆ 65 ಮತ್ತು 55 ಡೆಸಿಬೆಲ್ ಮಿತಿ ಹಾಕಿವೆ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯಕ್ಕೆ ಅವಕಾಶ ಕೊಟ್ಟಿವೆ. ಆ ಮಿತಿಗಳಿಗಾಗಿ ಜಗಳವಾಡಬೇಕಾದರೂ ಗದ್ದಲವನ್ನು ಕಿವಿಗೊಟ್ಟು ಕೇಳಲೇಬೇಕು: ಯಾವುದು, ಎಲ್ಲಿಂದ, ಎಷ್ಟು ಹೊತ್ತಿಗೆ, ಯಾರಿಗೆ. ವಾಹನವನ್ನು ಮನಸ್ಸಿನಲ್ಲಿ ಅಳಿಸಲು ಕಲಿತ ಕೇಳುಗ ಅದರ ವಿರುದ್ಧ ಸಾಕ್ಷಿ ಹೇಳಲಾರ. ಸೋಸುವ ಅಭ್ಯಾಸ ಗದ್ದಲವನ್ನು ಕಡಿಮೆ ಮಾಡುವುದಿಲ್ಲ, ಅದನ್ನು ಸಹಿಸುವುದನ್ನು ಕಲಿಸುತ್ತದೆ.

ಇಂಥ ಊರುಗಳಿಗೆ ತಕ್ಕ ನಡಿಗೆಗೆ ಹೊಸ ಉಪಕರಣ ಬೇಕಿಲ್ಲ, ಕ್ರಮ ಬದಲಾದರೆ ಸಾಕು. ನಸುಕಿನ ಓಣಿ, ಹೊತ್ತೇರಿದ ಎಪಿಎಂಸಿ, ಸಂಜೆಯ ಬಸ್‌ನಿಲ್ದಾಣ ಎಂದು ಹೊತ್ತಿಗೆ ತಕ್ಕ ಜಾಗವನ್ನು ಆರಿಸಬೇಕು. ಒಂದು ಹಕ್ಕಿಯ ದನಿ ಕೇಳಿದ ಕೂಡಲೇ ಅದರ ಹೆಸರಿನ ಜೊತೆ ಅದರ ಕೂಳು, ಗೂಡು ಎಲ್ಲಿ, ಆ ಗಳಿಗೆಯಲ್ಲಿ ಹತ್ತಿರ ಯಾವ ಕೆಲಸ ನಡೆದಿತ್ತು ಎಂಬುದನ್ನು ಬರೆದುಕೊಳ್ಳಬೇಕು. ವಾಹನ ದಾಟುವ ಮೊದಲು, ದಾಟುವಾಗ, ದಾಟಿದ ಮೇಲೆ ಅದೇ ದನಿ ಹೇಗಾಯಿತು ಎಂದು ಕೇಳಬೇಕು. ಆ ಜಾಗದಲ್ಲೇ ದಿನವಿಡೀ ದುಡಿಯುವ ಹಮಾಲ, ಹೂವಿನವಳು, ಕಂಡಕ್ಟರ್ ಏನು ಕೇಳುತ್ತಾರೆಂದು ವಿಚಾರಿಸಬೇಕು. ಮುಂಗಾರು, ಹಿಂಗಾರು, ಬೇಸಿಗೆಗಳಲ್ಲಿ ಅದೇ ದಾರಿಯನ್ನು ಮತ್ತೆ ನಡೆಯಬೇಕು. ಇಷ್ಟು ಮಾಡಿದ ನಡಿಗೆಯಲ್ಲಿ ಹಕ್ಕಿಯೂ ಸಿಗುತ್ತದೆ, ಊರೂ ಸಿಗುತ್ತದೆ, ಎರಡರ ನಡುವಿನ ಕೊಡುಕೊಳ್ಳುವಿಕೆಯೂ ಸಿಗುತ್ತದೆ; ಸೋಸಿದ ಕಿವಿಗೆ ಈ ಮೂರನೆಯದು ಯಾವತ್ತೂ ದಕ್ಕುವುದಿಲ್ಲ.